ಏಳು ಮನೆ

ಐದಕ್ಷರದ್ದು ಹೇಳು, ಅನ್ನುತ್ತಿದ್ದ ಎಫಿಯೋಮ್,
ಒಳಗೊಂದು ಕ್ಯೂ ಇರಬೇಕು,
ಅದರ ಬೆನ್ನಿಗೆ ಯು ಇರಕೂಡದು.
ನಾನು ಬಾಯಿಪಾಠ ಒಪ್ಪಿಸುತ್ತಿದ್ದೆ:
ಕನಾತ್. ತಲಾಕ್. ಫಕೀರ್.
ಕನಾತ್ ಅಂದರೆ ಕಾಲುವೆಯೋ ಕುದುರೆಯೋ
ನನಗೂ ಗೊತ್ತಿಲ್ಲ, ಅವನಿಗೂ.
ಅರ್ಥ ಶಾಲೆಯ ಬಾಬತ್ತು, ಆತಿಮ್.
ಇಲ್ಲಿ ಉದ್ದ ನೋಡು. ಎಷ್ಟು ಮನೆ ಖಾಲಿ ಇದೆ ನೋಡು.

ಕಲಬಾರಿನ ವಾಟ್ ಮಾರುಕಟ್ಟೆಯ ಹಿಂದೆ
ಒಟುವಿನ ಪಂಕ್ಚರ್ ಅಂಗಡಿ,
ಮಲಗಿಸಿದ ಲಾರಿ ಟೈರಿನ ಮೇಲೆ ನಮ್ಮ ಹಲಗೆ.
ಬಂದರಿನಲ್ಲಿ ಮೂವತ್ತೊಂದು ವರ್ಷ
ಹಡಗು ಹತ್ತುವ ತಾಳೆಎಣ್ಣೆ ಪೀಪಾಯಿಗೆ ಗೀಟು ಹಾಕಿದವನು ಎಫಿಯೋಮ್;
ನಿಂತ ಗೀಟು ನಾಲ್ಕು, ಅಡ್ಡ ಒಂದು, ಅಲ್ಲಿಗೆ ಐದು.
ನಿವೃತ್ತಿಯಾದ ಮೇಲೆ ಮಿಕ್ಕ ಲೆಡ್ಜರಿನಲ್ಲಿ
ಇಂಗ್ಲಿಷನ್ನು ಉದ್ದದ ಪ್ರಕಾರ ಇಳಿಸಿಕೊಂಡಿದ್ದ.
ಬಿಲ್ಲೆ ಕೈಗೆ ಬಂದ ಕೂಡಲೇ ಪದ ಹುಡುಕಬೇಡ, ಅನ್ನುವನು.
ಮೊದಲು ಸಾಲಾಗಿ ನಿಲ್ಲಿಸು,
ಬೆಳಗಿನ ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸಿದ ಹಾಗೆ.
ಆಮೇಲೆ ಸುಮ್ಮನಿರು.
ಯಾರು ಯಾರ ಕೈ ಹಿಡಿಯುತ್ತಾರೋ
ಅವರಿಗೇ ಗೊತ್ತು.

ಆ ರಾತ್ರಿ ಕರೆಂಟು ಹೋಗಿತ್ತು.
ಜನರೇಟರಿಗೆ ಎಣ್ಣೆಯಿಲ್ಲ.
ಹಾಲಿನ ಡಬ್ಬಿಯ ಮುಚ್ಚಳದಲ್ಲಿ ಒಟು
ಮೇಣದಬತ್ತಿ ನೆಟ್ಟ.
ನನ್ನದು ಮೂರು ಬಿಲ್ಲೆ, ಯಾಮ್, ತಿನ್ನುವ ಗೆಡ್ಡೆ.
ಅವನ ಪಾಲಿಗೆ ಬಂದವು ಏಳೂ ಬಡ ಅಕ್ಷರ,
ತಲೆಗೆ ಒಂದೇ ಅಂಕ.
ಏಳನ್ನೂ ಒಮ್ಮೆಗೇ ಇಳಿಸಿದ.
ಮೊದಲ ಎಸ್ ನನ್ನ ಯಾಮಿನ ಬಾಲಕ್ಕೆ ಅಂಟಿ
ಒಂಟಿ ಗೆಡ್ಡೆ ರಾಶಿಯಾಯಿತು,
ಅಲ್ಲಿಂದ ಕೆಳಕ್ಕೆ ಜೋತುಬಿತ್ತು: ಸ್ಟೆಯರಿನ್.

ಇಂಥ ಪದವೇ ಇಲ್ಲ, ಅಂದೆ.
ಪುಸ್ತಕ ತೆಗೆದರು. ಇತ್ತು.
ಅರ್ಥ ಕೊಡುವ ಪುಸ್ತಕವಲ್ಲ ಅದು, ಬರೀ ಹಾಜರಿ ಪಟ್ಟಿ.
ನನ್ನ ಸರದಿ ಹೋಯಿತು, ಅವನಿಗೆ ಮೇಲೆ ಐವತ್ತು ಬಂತು.
ಸೋತ ಸಿಟ್ಟಿಗೆ ಹಲಗೆ ಅಲುಗಿಸಿದೆನೋ ಏನೋ,
ಬತ್ತಿ ವಾಲಿ ಎಂ ಮೇಲೆ ಒಂದು ಹನಿ.
ಉಗುರಿನಲ್ಲಿ ಕೆರೆದೆ.
ಬಿಳಿ ಚಕ್ಕೆ ಎದ್ದಿತು.

ಅಬಾ ಊರಿನ ಸೋಪಿನ ಕಾರ್ಖಾನೆಯಲ್ಲಿ ಮೊದಲ ದಿನ
ಚೀಲಗಳ ಮೇಲೆ ಕಪ್ಪು ಅಚ್ಚು,
ಏಳು ಅಕ್ಷರ, ಒಂದೂ ಆಚೀಚೆ ಇಲ್ಲ,
ನನಗಿಂತ ಮೊದಲೇ ಯಾರೋ ಆಡಿ ಎದ್ದುಹೋದ ಹಾಗೆ.
ಇದೇನಕ್ಕಾ, ಅಂದೆ.
ತಾಳೆಎಣ್ಣೆ ತಣ್ಣಗಾದರೆ ತಳ ಹಿಡಿದು ಕೂರುತ್ತಲ್ಲ,
ಅದು, ಅಂದಳು ನ್ವಾಕೆಗೊ,
ಸೋಪಿಗೂ ಅದೇ, ಮೇಣದಬತ್ತಿಗೂ ಅದೇ. ಎತ್ತು, ಎತ್ತು.

ಹರ್ಮಟ್ಟಾನ್ ಗಾಳಿಯ ಬೆಳಗುಗಳಲ್ಲಿ
ಅಮ್ಮನ ಡಬ್ಬಿಯೊಳಗೆ ಮೇಲೆ ಕೆಂಪು, ಕೆಳಗೆ ಮಾಸಲು ಗಟ್ಟಿ.
ಸೌಟಿನ ಹಿಡಿಯಲ್ಲಿ ಕೆದಕಿ ಕಲಸಿ
ಗಿರಾಕಿಗೆ ಅಳೆದು ಸುರಿಯುತ್ತಿದ್ದಳು.
ಅದಕ್ಕೆ ಅವಳ ಬಾಯಲ್ಲಿ ಒಂದು ಹೆಸರಿತ್ತು, ಪುಟ್ಟದು.
ಯಾವ ಪಟ್ಟಿಯಲ್ಲೂ ಇಲ್ಲ.
ಎಷ್ಟು ಮನೆ ಬೇಕೆಂದು ನಾನೂ ಎಣಿಸಿ ನೋಡಿಲ್ಲ.

ಊಟದ ಬಿಡುವಿನಲ್ಲಿ ಎಫಿಯೋಮನಿಗೆ ಫೋನು ಮಾಡಿದೆ.
ನೀನು ಗೀಟು ಹಾಕಿದ ಪೀಪಾಯಿಗಳ ತಳದಲ್ಲಿ ಇದ್ದದ್ದು ಅದೇ,
ಆ ರಾತ್ರಿ ನಮ್ಮ ನಡುವೆ ಉರಿದದ್ದೂ ಅದೇ, ಅಂದೆ.
ಆ ಕಡೆ ಒಟುವಿನ ಗಾಳಿ ಪಂಪಿನ ಸದ್ದು.
ಬಹಳ ಹೊತ್ತು ಅದೊಂದೇ.
ಅರ್ಥಕ್ಕೆ ಎಷ್ಟು ಅಂಕ, ಅಂದ ಕೊನೆಗೆ.
ಗಂಟಲು ಸರಿಮಾಡಿಕೊಂಡ.
ಅದೇ ಏಳಕ್ಕೆ ಒಂದು ಪಿ ಸೇರಿಸು. ಎಂಟು ಮನೆ. ಹೇಳು.

ಸೈರನ್ ಕೂಗಿತು. ಕೈಯೆಲ್ಲ ಬಿಳಿ ಜಿಡ್ಡು.
ಚೀಲದ ಪಕ್ಕ ನಿಂತೇ ಮಕ್ಕಳನ್ನು ಸಾಲು ಮಾಡಿದೆ:
ಎ, ಇ, ಐ, ಎನ್,
ಹೊಸಬನೇ, ಬಾ ಇಲ್ಲಿ,
ಎನ್‌ಗೂ ಆರ್‌ಗೂ ನಡುವೆ
ಸ್ವಲ್ಪ ಜಾಗ ಬಿಡಿ.