ಹದಿನೇಳರ ಮಗ್ಗಿ

ದೋಣಿಯಲ್ಲಿ ಬಂದೂಕಿನ ಹೊಟ್ಟೆ ಖಾಲಿ ಇರಬೇಕು,
ದಂಡೆಗಿಳಿದ ಮೇಲೆ ತುಂಬಬೇಕು.
ಇದು ಮಾರ್ಲಿಸಳ ಕಾನೂನು.
ಸಿಟ್ಕಾದ ಮೀನುಗಾರರ ಮಗಳು, ಅರವತ್ತಮೂರು ದಾಟಿದವಳು,
ಎಡಗೈಗೆ ಕಿರುಬೆರಳಿಲ್ಲ. ಕೇಳಿದರೆ
‘ಕರಡಿಯಲ್ಲ, ಕಾರಿನ ಬಾಗಿಲು’ ಅನ್ನುತ್ತಾಳೆ.

ನನ್ನ ಕೆಲಸ ಹೊಳೆಗುಂಟ ನಡೆದು
ಮೊಟ್ಟೆಯಿಡಲು ಏರಿಬಂದ ಸಾಲ್ಮನ್ ಎಣಿಸುವುದು.
ಬದುಕಿದ್ದಕ್ಕೊಂದು ಗುಂಡಿಯೊತ್ತುವ ಯಂತ್ರ, ಸತ್ತದ್ದಕ್ಕೊಂದು,
ಎರಡೂ ದಾರ ಕಟ್ಟಿ ಕೊರಳಿಗೆ.
ಬಲ ಹೆಗಲಿಗೆ ಹನ್ನೆರಡು ಬೋರಿನ ಬಂದೂಕು;
ಬೆಳಿಗ್ಗೆ ಏಳೂವರೆ ಪೌಂಡು,
ಮಧ್ಯಾಹ್ನಕ್ಕೆ ನಿದ್ದೆಹೋದ ಕೂಸಿನಷ್ಟು ಭಾರ.

ತರಬೇತಿಗೆಂದು ಕಲ್ಲುಗಣಿಯಲ್ಲಿ
ಹಲಗೆಯ ಕರಡಿಗೆ ಹಗ್ಗ ಕಟ್ಟಿ
ನಮ್ಮ ಮೇಲೆಯೇ ಎಳೆದು ತಂದಿದ್ದರು.
ಮೂರು ಗುಂಡು ಹೊಡೆದೆ. ಒಂದು ಕಿವಿ ಹಾರಿತು.
ನನ್ನ ಹೆಗಲು ವಾರವಿಡೀ ಬದನೆಕಾಯಿ ಬಣ್ಣ.
‘ಅದು ಕೊನೆಯ ಮಾತು,’ ಅಂದಳು ಮಾರ್ಲಿಸ್,
‘ಮೊದಲ ಮಾತು ಬಾಯಿಂದ ಬರಬೇಕು, ಜೋರಾಗಿ.
ಪೊದೆಯಲ್ಲಿ ಮಲಗಿದ್ದಕ್ಕೆ ನೀನು ಬರುವುದು ಗೊತ್ತಾಗಲಿ.
ಏನಾದರೂ ಸರಿ: ಹವಾಮಾನ, ಬೈಗುಳ, ಬಾಕಿ ಬಾಡಿಗೆ.’

ನನ್ನ ಬಾಯಿಗೆ ಬಂದದ್ದು ಮಗ್ಗಿ.
ಮುಧೋಳದ ಹೆಣ್ಣುಮಕ್ಕಳ ಶಾಲೆ, ನಾಲ್ಕನೇ ಇಯತ್ತೆ,
ಬೆನ್ನಿಗೆ ಗೋಡೆ, ಎದುರಿಗೆ ಮಾಳಗಿ ಮಾಸ್ತರರ ಛಡಿ:
ಹದಿನೇಳೊಂದ್ಲ ಹದಿನೇಳು,
ಹದಿನೇಳೆರಡ್ಲ ಮೂವತ್ನಾಕು...
ಸ್ಪ್ರೂಸ್ ಮರದ ಪಾಚಿ ಅದನ್ನು ಕುಡಿಯಿತು,
ಕೊಳೆತ ಮೀನಿನ ಮೇಲಿದ್ದ ಕಾಗೆಗಳು
ತಲೆ ಓರೆ ಮಾಡಿ ತಪ್ಪು ಹುಡುಕಿದವು.

ಆಗಸ್ಟ್ ಹತ್ತೊಂಬತ್ತು. ಉಬ್ಬರ ಏರುತ್ತಿತ್ತು,
ದೋಣಿಯ ಹಗ್ಗ ಬಂಡೆಯ ಸಂದಿಗೆ ಸಿಕ್ಕಿ ಗಡಿಬಿಡಿ.
ಮಾರ್ಲಿಸ್ ಆಚೆ ದಂಡೆಗೆ, ನಾನು ಈಚೆ.
ಮೂರನೆಯ ತಿರುವು. ಹದಿನೇಳೇಳ್ಲ ನೂರಾ ಹತ್ತೊಂಬತ್ತು,
ಹದಿನೇಳೆಂಟ್ಲ...
ಛಡಿ ಬೀಳುತ್ತಿದ್ದುದೂ ಇಲ್ಲಿಯೇ.
ನಾಲಗೆ ನಿಂತಿತು.
ನಿಂತ ಆ ಗಳಿಗೆಯಲ್ಲಿ ಅದು ಎದ್ದಿತು.

ಹತ್ತು ಮಾರು ದೂರ. ಗಲ್ಲದ ತುಂಬ ಕಿತ್ತಳೆ ಮೊಟ್ಟೆ.
ಒದ್ದೆ ಕಂಬಳಿಯ ವಾಸನೆ.
ಮೂಗಿನ ಹೊಳ್ಳೆಗಳು ನನ್ನನ್ನು ಓದುತ್ತಿದ್ದವು,
ಅವಸರವಿಲ್ಲದೆ, ರುಜು ಹಾಕುವ ಮುಂಚಿನ ಸಾಹುಕಾರನಂತೆ.
ಬಂದೂಕಿನ ಪಟ್ಟಿ ಚೀಲದ ಪಟ್ಟಿಗೆ ತೊಡರಿತ್ತು;
ಬಲಗೈ ಎಳೆಯಿತು, ಎಡಗೈ ಎದೆ ಹಿಡಿಯಿತು.
‘ನೂರಾ ಮೂವತ್ತಾರಪಾ,’ ಅಂದೆ,
ಎಲ್ಲಿಂದ ಬಂತೋ, ‘ನೂರಾ ಮೂವತ್ತಾರು.
ನಿನ್ನ ಊಟಾ ನೀ ಮುಗಿಸು.’
ಅದು ಕೆಳಗಿಳಿಯಿತು. ಅರ್ಧ ತಿಂದ ಮೀನು ಕಚ್ಚಿಕೊಂಡು
ಪೊದೆಯೊಳಗೆ ಹೋಯಿತು.
ರೆಂಬೆಗಳು ತುಂಬ ಹೊತ್ತು ಅಲ್ಲಾಡಿದವು.
ಅಥವಾ ಅಲ್ಲಾಡಿದ್ದು ನಾನು.

ಸಂಜೆ ದೋಣಿಯ ಬಳಿ ಬಂದೂಕು ಖಾಲಿ ಮಾಡಲು ಹೋದೆ.
ಒಮ್ಮೆ ಜಗ್ಗಿದೆ, ಏನೂ ಬೀಳಲಿಲ್ಲ.
ಐದು ಸಲ ಜಗ್ಗಿದೆ.
ಐದೂ ತೋಟಾ ಅಂಗಿಯ ಜೇಬಿನಲ್ಲಿದ್ದವು,
ನನ್ನ ಮೈಯಷ್ಟೇ ಬೆಚ್ಚಗೆ.
‘ಖಾಲಿಯಾಯಿತೇ?’ ತಿರುಗಿ ನೋಡದೆ ಕೇಳಿದಳು ಮಾರ್ಲಿಸ್.
‘ಆಯಿತು,’ ಅಂದೆ.
ಸುಳ್ಳಲ್ಲ ಅದು.

ಭಯ ಬಂದದ್ದು ರಾತ್ರಿ, ಊರಿನ ದೀಪದ ಕೆಳಗೆ,
ಚಹಾದ ಬಟ್ಟಲು ತೊಳೆಯುವಾಗ.
ಮರುದಿನ ಹಗ್ಗ ಕಟ್ಟುವುದಕ್ಕೂ ಮೊದಲೇ ತುಂಬಿದೆ,
ಒಂದೊಂದನ್ನೂ ಬಾಯಿಬಿಟ್ಟು ಎಣಿಸಿ.
ಮಗ್ಗಿಯನ್ನೂ ಬಿಡಲಿಲ್ಲ. ಎಂಟರ ಹತ್ತಿರ
ಈಗಲೂ ಎಡವುತ್ತೇನೆ.

ಆ ದಿನದ ಲೆಕ್ಕ ವಹಿಯಲ್ಲಿದೆ:
ಬದುಕಿದ್ದು ನಾನೂರಾ ಹನ್ನೆರಡು, ಸತ್ತದ್ದು ತೊಂಬತ್ತೇಳು.
ಅದರಲ್ಲಿ ಒಂದು ಹೆಚ್ಚು.
ಎದೆ ಹಿಡಿದ ಕೈ ಆಗ ಯಾವುದೋ ಗುಂಡಿ ಒತ್ತಿತ್ತು,
ಟಿಕ್ ಅಂದದ್ದು ಕೇಳಿದ ನೆನಪು.
ಯಾವ ಯಂತ್ರದ್ದೋ ತಿಳಿಯದೆ
ತಿದ್ದದೆ ಬಿಟ್ಟಿದ್ದೇನೆ.