ಪಾಳಿ

ಸುತ್ತೋಲೆ ಬಂತು. ಪ್ರಾರ್ಥನೆ ಮುಗಿದ ಮೇಲೆ
ದಿನಾ ಹತ್ತು ನಿಮಿಷ
ಮಕ್ಕಳು ಕಣ್ಣು ಮುಚ್ಚಿ ಕೂರಬೇಕು.
ವಹಿಯಲ್ಲಿ ಬರೆದು ಸಹಿ ಹಾಕಬೇಕು:
ಎಷ್ಟು ಮಂದಿ ಕೂತರು, ಎಷ್ಟು ಮಂದಿ ಶಾಂತರಾದರು.

ಎರಡು ದಿನದ ತರಬೇತಿಯಲ್ಲಿ ನನಗೂ ಕಲಿಸಿದ್ದರು.
ಫ್ಯಾನಿನ ಕೆಳಗೆ, ಜಮಖಾನೆಯ ಮೇಲೆ,
ಬಿಸ್ಕತ್ತಿನ ಪುಡಿ ಇನ್ನೂ ತುಟಿಯಲ್ಲಿರುವಾಗ
ಮೆಲುದನಿಯ ಮೇಡಂ ಹೇಳಿದರು:
ಹಸಿರು ಬೆಟ್ಟ ನೆನೆಯಿರಿ, ತಣ್ಣನೆ ಗಾಳಿ ಎಳೆದುಕೊಳ್ಳಿ.
ನಾನು ನೆನೆದದ್ದು
ಗ್ಯಾಸು ಆರಿಸಿ ಬಂದೆನೋ ಇಲ್ಲವೋ ಎಂದು.

ದಾವಣಗೆರೆಯಲ್ಲಿ ನಮ್ಮ ಶಾಲೆ ಮಂಡಕ್ಕಿ ಭಟ್ಟಿಗಳ ನಡುವೆ.
ಇಲ್ಲಿ ಬೆಳಗಿನ ಗಾಳಿಗೆ ಬಣ್ಣವಿದೆ.
ಭತ್ತದ ಹೊಟ್ಟು ಉರಿದ ಮಸಿ
ಕಿಟಕಿಯ ಸರಳಿಗೆ, ಬಿಳಿ ಅಂಗಿಯ ಕಾಲರಿಗೆ,
ಕರಿ ಹಲಗೆಗೂ. ಅಲ್ಲಿ ಮಾತ್ರ ಕಾಣುವುದಿಲ್ಲ.

ಉಸಿರು ಒಳಗೆ, ಮಕ್ಕಳೇ, ನಿಧಾನ, ಇನ್ನೂ ಆಳಕ್ಕೆ, ಎಂದೆ.
ಐದನೇ ತರಗತಿ ಇಡಿಯಾಗಿ ಕೆಮ್ಮಿತು.
ನಗು ಬಂತು ಅವಕ್ಕೆ. ನನಗೂ.
ಅಂದು ಬರೆದೆ: ಮೂವತ್ತೊಂದು ಮಂದಿ ಕೂತರು.
ಎರಡನೇ ಕಾಲಂ ಖಾಲಿ ಬಿಟ್ಟೆ.

ಮೊಬೈಲಿನಲ್ಲಿ ಕೊಳಲು ಹಚ್ಚಿದೆ.
ನಡುವೆ ಯಾರೋ ಫೋನು ಮಾಡಿ ಸಾಲ ಬೇಕೇ ಎಂದಳು.
ಆರಿಸಿದೆ. ಹಾಗಾದರೆ ಇರುವುದನ್ನೇ ಕೇಳ್ರೋ,
ಏನೇನು ಕೇಳ್ತದೆ?
ಬಾಣಲೆಯ ಮರಳು, ಮಿಸ್. ಜರಡಿ, ಮಿಸ್. ರೈಲು.
ರೈಲಲ್ಲ, ಗೂಡ್ಸು, ಹಾಲೇಶ ತಿದ್ದಿದ,
ಅಷ್ಟು ಉದ್ದ ಅಳೋದು ಗೂಡ್ಸೇ.
ನನ್ನ ಹೊಟ್ಟೆ, ಮಿಸ್, ಅಂತ ಒಬ್ಬ.
ಅಡುಗೆಮನೆಯಲ್ಲಿ ರಾಗಿ ಮಾಲ್ಟಿನ ಮುಚ್ಚಳ ಬಿತ್ತು;
ಮೂವತ್ತು ಮುಖ, ಕಣ್ಣು ಮುಚ್ಚಿಕೊಂಡೇ,
ಆ ಕಡೆ ತಿರುಗಿದವು.

ಮೂವತ್ತು.
ಹಿಂದಿನ ಬೆಂಚಿನ ನಗೀನಾ ಕಣ್ಣು ಮುಚ್ಚಳು.

ಮೊದಲ ವಾರ ಗದರಿದೆ. ಎರಡನೇ ವಾರ ರಮಿಸಿದೆ.
ಮೂರನೇ ವಾರ ಪಕ್ಕದಲ್ಲಿ ಸುಮ್ಮನೆ ಕೂತೆ.
ಆಗ ಹೇಳಿದಳು, ಬೇರೆ ಯಾರದೋ ಸುದ್ದಿಯಂತೆ:
ಭಟ್ಟಿ ರಾತ್ರಿ ಮೂರಕ್ಕೆ ಹಚ್ತಾರೆ, ಮಿಸ್.
ಅಮ್ಮಿ ಬಾಣಲೆ ಹತ್ರ. ತಮ್ಮನ್ನ ನಾನು ನೋಡ್ಕೋಬೇಕು.
ಒಂದ್ಸಲ ಕಣ್ಣು ಮುಚ್ಚಿದೆ. ಒಂದೇ ಸಲ.
ಅವನ ಎಡಗೈ ನೀವು ನೋಡಿದೀರಲ್ಲ.

ನೋಡಿದ್ದೆ.
ಅವನನ್ನು ಎತ್ತಿಕೊಂಡು ಅವಳು ಶಾಲೆಗೆ ಬಂದ ದಿನ
ಮಡಚಿದ ಆ ಬೆರಳುಗಳನ್ನು ಮುಷ್ಟಿಯೆಂದೇ ತಿಳಿದು
ಏನು ಬಚ್ಚಿಟ್ಟಿದೀಯೋ ಕಳ್ಳಾ,
ಎಂದು ನಕ್ಕು ಕೇಳಿದ್ದೆ.

ಅಪ್ಪ ಹತ್ತಿ ಮಿಲ್ಲಿನಲ್ಲಿ ಮೂರನೇ ಪಾಳಿಗೆ ಹೋಗುತ್ತಿದ್ದ.
ಕಣ್ಣು ಎಳೆದರೆ ಪಕ್ಕದವನಿಗೆ ಹೇಳಬೇಕು, ಅನ್ನುತ್ತಿದ್ದ;
ಹೇಳದೆ ಮಲಗಿದವನ ಬೆರಳು ಯಂತ್ರದ ಪಾಲು.
ಎಷ್ಟೋ ವರ್ಷದ ಮೇಲೆ ಆ ಮಾತು
ತರಬೇತಿಯ ಕೈಪಿಡಿಗಿಂತ ಮುಂಚೆ ಕೈಗೆ ಸಿಕ್ಕಿತು.

ಮರುದಿನ ಹೇಳಿದೆ: ಎಲ್ಲರೂ ಮುಚ್ಚಿದರೆ ಹೇಗೆ?
ಒಬ್ಬರು ಕಾಯಬೇಕು. ನಗೀನಾ, ನೀನು ಬಾಗಿಲಿಗೆ.

ಬೆನ್ನು ನೆಟ್ಟಗೆ ಮಾಡಿ ನಿಂತಳು.
ಒಳಗೆ ಏನೋ ಸಡಿಲವಾಯಿತು.
ಹಲ್ಲು ಕಚ್ಚಿಕೊಂಡೇ ಕೂರುತ್ತಿದ್ದ ಕೊಟ್ರೇಶನ ಭುಜ
ಕಿವಿಯಿಂದ ಕೆಳಗಿಳಿಯಿತು.
ಕೆಮ್ಮು ಇತ್ತು. ಕೆಮ್ಮಿನ ಆಚೆಗೂ ಒಂದಿಷ್ಟು ಉಸಿರಿತ್ತು.
ಒಂದು ದಿನ ನಾನೂ ಮುಚ್ಚಿದೆ;
ತೆರೆದಾಗ ಅವಳು ನನ್ನನ್ನೇ ನೋಡುತ್ತಿದ್ದಳು,
ಗ್ಯಾಸು ಆರಿಸಿದ್ದೇನೆ, ಹೋಗಿ ಬಾ, ಎನ್ನುವವಳ ಹಾಗೆ.

ದೀಪಾವಳಿ ರಜೆ ಕಳೆದ ಮೇಲೆ ಹಾಲೇಶ ಎದ್ದು ಬಂದ.
ಇವತ್ತು ನನ್ನ ಪಾಳಿ. ನೀ ಕೂರು.
ಅವಳು ಬಾಗಿಲು ನೋಡಿದಳು, ಕಿಟಕಿ ನೋಡಿದಳು,
ಹಾಲೇಶನ ಕಣ್ಣು ಸರಿಯಾಗಿ ತೆರೆದಿವೆಯೇ ನೋಡಿದಳು.
ಕೂತಳು. ಮೊದಲು ಒಂದು ಕಣ್ಣು.
ಬಿಸಿ ಮರಳಿಗೆ ಬಿದ್ದ ಅಕ್ಕಿಯಂತೆ ರೆಪ್ಪೆ ಸಿಡಿಯಿತು,
ಸಿಡಿಯಿತು,
ನಿಂತಿತು.

ನಾಲ್ಕು ಉಸಿರು. ಎಣಿಸಿದೆ.
ವಹಿಯ ಎರಡನೇ ಕಾಲಮ್ಮಿನಲ್ಲಿ ಅದನ್ನೇ ಬರೆದೆ.

ಮುಂದಿನ ವಾರ ತಪಾಸಣೆಗೆ ಬಂದವರು
ಬಾಗಿಲಲ್ಲೇ ನಿಂತು ವಹಿ ತಿರುವಿ ಕೇಳಿದರು:
ಇದೇನ್ರೀ, ಮಂದಿ ಲೆಕ್ಕ ಕೇಳಿದರೆ...

ಷ್, ಅಂದ ಹಾಲೇಶ, ಮೊಳಕಾಲೆತ್ತರದ ಕಾವಲಿನವನು,
ಮೆಲ್ಲಗೆ ಮಾತಾಡ್ರಿ ಸರ್.
ಅವಳು ಈಗಷ್ಟೇ ಮುಚ್ಚ್ಯಾಳ.