ಹಳದಿ ತಂಗೂಸಿ

ನೂಲಿನ ವಿಷಯದಲ್ಲಿ ನನಗೆ ಯಾರೂ ಮೋಸ ಮಾಡಲಾರರು.
ಕಾಜೂಬಾಗದಲ್ಲಿ ಮೂವತ್ನಾಕು ವರ್ಷ
ಲಾಂಡ್ರಿಯ ಪಕ್ಕದ ಆರಡಿ ಅಂಗಡಿ,
ಪೊಲೀಸರ ಖಾಕಿ, ನೌಕಾನೆಲೆಯವರ ಬಿಳಿ,
ಇಗರ್ಜಿಯ ಮದುವೆಗಳ ಕರಿ ಕೋಟು.
ಎಳೆ ಎಳೆದು ನೋಡಿ ಹೇಳುತ್ತೇನೆ
ಯಾವುದು ಒಗೆತಕ್ಕೆ ಬಾಳುತ್ತದೆ, ಯಾವುದು ಬೆವರಿಗೇ ಸಾಯುತ್ತದೆ.

ಆದರೆ ರೀಲು?
ಬೈತಖೋಲದ ದಾರಿಯಲ್ಲಿ ರುಕ್ಮಾ ತಾಂಡೇಲಳ ಅಂಗಡಿ.
ಗಾಜಿನ ಕೆಳಗೆ ಸಾಲಾಗಿ ಮಲಗಿದ್ದವು
ಎರಡು ಸಾವಿರದ್ದು, ನಾಲ್ಕು ಸಾವಿರದ್ದು, ಆರು, ಎಂಟು.
ಅದೇ ದರ ಅಂದುಕೊಂಡು ಜೇಬು ಮುಟ್ಟಿಕೊಂಡೆ.
ನಕ್ಕಳು. "ಅದು ಅಳತೆ ಮಾರಾಯಾ, ನಿನ್ನ ಕಾಲರಿನ ಹಾಗೆ.
ಹೊಳೆಗೆ ಎರಡು ಸಾಕು.
ತೆರೆಗೆ ನಿಂತು ಎಸೆಯುವವನಿಗೆ ಐದು, ಹೆಚ್ಚೆಂದರೆ ಆರು.
ಎಂಟು ಹಾಕಿದೆಯೋ, ಮೀನಿಗಿಂತ ಮೊದಲು
ನಿನ್ನ ಮಣಿಕಟ್ಟು ದಡಕ್ಕೆ ಬರ್ತದೆ."

ಐದು ಸಾವಿರದ್ದನ್ನು ತಿರುಗಿಸಿದೆ. ಕಿವಿಗೆ ಹಿಡಿದು ತಿರುಗಿಸಿದೆ.
ಒಳಗೆ ಏಳು ಬೇರಿಂಗು ಅಂದಳು; ನನಗೆ ಕೇಳಿದ್ದು
ಎಣ್ಣೆ ಕುಡಿದ ಹೊಸ ಮಶಿನ್ನಿನ ಸದ್ದು.
ಕೆಂಪು ಬಣ್ಣದ್ದು ಇನ್ನೊಂದು, ಹದಿಮೂರು ಬೇರಿಂಗು, ಬಲು ಚೆಂದ;
ಹಿಡಿಯಲ್ಲಿ ಮಾತ್ರ ಕೂದಲೆಳೆಯಷ್ಟು ಅಲುಗಾಟ.
ಷಟಲ್ ಸಡಿಲಾದ ಮಶಿನ್ನು ಮೊದಲ ತಿಂಗಳು
ಹೀಗೇ ಸುಳ್ಳು ಹೇಳುತ್ತದೆ.
ವಾಪಸಿಟ್ಟೆ.

ಮೇಲಿನ ತಿರುಪು ತೋರಿಸಿದಳು, ಡ್ರ್ಯಾಗು.
"ಜೀವ ಇರೋದು ಇಲ್ಲಿ. ಬಿಗಿಯಾದರೆ ದಾರ ಹರಿದೀತು,
ಸಡಿಲಾದರೆ ಮೀನು ಕುರ್ಮಗಡಕ್ಕೆ ಒಯ್ದೀತು."
ಇದನ್ನು ನನಗೆ ಹೇಳುತ್ತೀಯಾ, ರುಕ್ಮಾ?
ಟೆನ್ಶನ್ ತಿರುಪು ಅರ್ಧ ಸುತ್ತು ಹೆಚ್ಚಾಗಿ
ಮದುಮಗಳ ರೇಷ್ಮೆ ಸುಕ್ಕುಗಟ್ಟಿದ ದಿನ,
ನನಗಾಗ ಹದಿನಾರು,
ಉಸ್ತಾದ ಕಪಾಳಕ್ಕೆ ಕಲಿಸಿದ ಪಾಠ ಅದು.

ಆಮೇಲೆ ದಾರ.
ಹೆಣೆದದ್ದು ಸಪೂರ, ಎಂಟೆಳೆ, ದೂರ ಹೋಗುತ್ತದೆ.
ನನಗೆ ಅದರ ಮೇಲೇ ಮನಸ್ಸು. ಇಂಥ ನೇಯ್ಗೆಯನ್ನು
ಮೀನಿಗೆ ಯಾಕೆ ಹಾಳು ಮಾಡುತ್ತಾರೋ!
"ದೇವಬಾಗದ ಮರಳಿಗಾದರೆ ಸರಿ," ಅಂದಳು,
"ನೀನು ನಿಲ್ಲುವುದು ಅಳಿವೆಯ ಕಲ್ಲಿನ ಬದಿ,
ಕಲ್ಲಿನ ತುಂಬ ಕಲ್ವ.
ಒಂದು ಸಲ ಉಜ್ಜಿತೋ, ನಿನ್ನ ಎಂಟೆಳೆ ಎಂಟು ದಿಕ್ಕಿಗೆ.
ತಂಗೂಸಿ ಹಾಕು. ಎಳೆದರೆ ಹಿಗ್ಗುತ್ತದೆ,
ಕೈ ತಪ್ಪಿದರೂ ಸುಧಾರಿಸಿಕೊಳ್ಳುತ್ತದೆ.
ಬಣ್ಣ? ನೀಲಿ ಉಂಟು, ಹೊಗೆ ಉಂಟು, ನೀರಿನದೇ ಬಣ್ಣ ಉಂಟು."
ಹಳದಿ, ಅಂದೆ.
"ಮೀನಿಗೆ ಕಾಣ್ತದೆ."
ನನಗೆ ಕಾಣಬೇಕು, ಅಂದೆ.

ಸ್ವಲ್ಪ ಹೊತ್ತು ಅವಳು ಏನೂ ಹೇಳಲಿಲ್ಲ.
ಊರಿಗೆ ಗೊತ್ತಿರಬೇಕು, ದೀಪಾವಳಿಯಿಂದೀಚೆ
ನನ್ನ ಸೂಜಿಗೆ ನೂಲು ಪೋಣಿಸುವವನು
ಲಾಂಡ್ರಿಯ ಹುಡುಗ ನಿಯಾಜ ಎಂದು.
ಹಳೆ ಗಿರಾಕಿಗಳು ತೋಳಿನ ಹೊಲಿಗೆ ನೋಡುತ್ತಾರೆ,
ದುಡ್ಡು ಕೊಟ್ಟು ಹೋಗುತ್ತಾರೆ.

ಹಳದಿಯದೇ ತೆಗೆದಳು. ಒದ್ದೆ ಬಟ್ಟೆಯಲ್ಲಿ ಹಿಡಿದು
ಬಿಗಿಯಾಗಿ ಸುತ್ತಿ, ಸ್ಪೂಲಿನ ಅಂಚಿಗಿಂತ
ಒಂದು ಗೆರೆ ಕೆಳಗೆ ನಿಲ್ಲಿಸಿದಳು.
ತುಂಬಿ ತುಳುಕಿದರೆ ಗಂಟಂತೆ, ಬಾಬಿನ್ನಿನ ಹಾಗೆಯೇ.
ಕೊನೆಯಲ್ಲಿ, ಕೊಕ್ಕೆಯ ಬದಿಗೆ,
ಬಣ್ಣವಿಲ್ಲದ ದಾರ ಒಂದು ಮಾರು ಗಂಟು ಹಾಕಿದಳು.
"ಇಷ್ಟು ಮೀನಿಗೆ. ಉಳಿದದ್ದು ನಿನಗೆ."

ಕೋಡಿಬಾಗ, ಏರುನೀರು, ಅಮಾಸೆಯ ಹಿಂದಿನ ರಾತ್ರಿ.
ಎಸೆದೆ. ಹಳದಿ ಗೆರೆ ಗಾಳಿಯಲ್ಲಿ ಸ್ವಲ್ಪ ದೂರ ಕಂಡಿತು,
ಆಮೇಲೆ ಕಾಣಲಿಲ್ಲ.
ತೋರುಬೆರಳ ಮೇಲೆ ದಾರ ಇಟ್ಟುಕೊಂಡು ನಿಂತೆ.
ತೆರೆ ಎಳೆಯುವುದು ಬೇರೆ, ಪಾಚಿ ಎಳೆಯುವುದು ಬೇರೆ,
ಏಡಿ ಚಿವುಟಿ ಚಿವುಟಿ ಬಿಡುವುದು ಬೇರೆ.
ದೀಪ ಹೋದಾಗ ಬಟ್ಟೆಯ ಒಳಮೈ ಹೊರಮೈ
ತಿಳಿಯುವ ಹಾಗೆ ಒಂದೊಂದೇ ತಿಳಿಯಿತು.
ಚೋಣಕ ಬರಲಿಲ್ಲ. ಮೂರು ಸುತ್ತು ಡ್ರ್ಯಾಗು ಕಿರಿಗುಟ್ಟಿಸಿ
ಒಂದು ಶಿಂಗಾಳೆ ಬಂತು, ಕೈಗೆ ಮುಳ್ಳು ಚುಚ್ಚಿ,
ಬೈಸಿಕೊಂಡು, ನೀರಿಗೆ ಹೋಯಿತು.

ಮನೆಯಲ್ಲಿ ಸಿಹಿನೀರಿಗೆ ರೀಲು ತೊಳೆದು
ಮಶಿನ್ನಿನ ಡಬ್ಬಿಯಿಂದ ಎರಡು ಹನಿ ಎಣ್ಣೆ ಬಿಟ್ಟೆ.
ತಿರುಪು ಸಡಿಲಿಸಿದೆ;
ಕೆಲಸವಿಲ್ಲದಾಗ ಬಿಗಿದಿಡಬಾರದು ಎಂದಿದ್ದಳು.
ಅಂಗಡಿಯ ಮಶಿನ್ನಿನದು ನೆನಪಾಯಿತು.
ಬೀಗದ ಕೈ ಹುಡುಕಿದೆ.